ಅಕ್ಕನ ಮನೆಯ ರಾತ್ರಿ ಪಾಳಿ

ರಾತ್ರಿ ಒಂದು ಗಂಟೆ ಹತ್ತು ನಿಮಿಷ. ಹುಕ್ಕೇರಿಯ ಒಂದು ಮನೆಯಲ್ಲಿ ಫೋನ್ ಬಾರಿಸತೊಡಗಿತು.

ಮನೆಯಲ್ಲಿದ್ದ ಆರೂ ಜನ ಎದ್ದು ಕುಳಿತರು. ಆ ಹೊತ್ತಿನಲ್ಲಿ ಬರುವ ಫೋನ್ ಒಳ್ಳೆಯ ಸುದ್ದಿ ತರುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿರುವುದೇ. ಮನೆಯ ಯಜಮಾನರು ಎದೆಯ ಮೇಲೆ ಕೈ ಇಟ್ಟುಕೊಂಡು 'ಯಾರ್ದರಿ? ಯಾರಿಗೇನಾತ್ರಿ?' ಎಂದು ಕೂಗಿದರು. ಅವರ ಹೆಂಡತಿ ಎದ್ದು ಲೈಟ್ ಹಾಕಿದರು. ಮೊಮ್ಮಗು ಅಳಲು ಶುರು ಮಾಡಿತು.

ಫೋನ್ ಮಾಡಿದ್ದು ಮನುಷ್ಯರಲ್ಲ. ಮೂಡಲಗಿ ಕಡೆಯ ಒಂದು ಹೊಲದ ಪಂಪ್‌ಸೆಟ್!

ಅದು ಫೋನ್ ಮಾಡಿದ್ದು ಯಾರಿಗೆ? ಎಂಟು ತಿಂಗಳ ಹಿಂದೆ ತೀರಿಕೊಂಡ ನನ್ನ ಮಾಮಾನಿಗೆ. (ಅಕ್ಕನ ಗಂಡನನ್ನು ನಾವು ಮಾಮಾ ಅನ್ನುತ್ತೇವೆ.)

ದೆವ್ವದ ಕಥೆಯಲ್ಲ, ಹೆದರಬೇಡಿ. ನಮ್ಮ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೂ ಇಲ್ಲ. ಪೇಟೆಯ ಓದುಗರಿಗಾಗಿ ಹೇಳುತ್ತೇನೆ. ಹೊಲದ ಮೋಟಾರ್ ತಿರುಗಲು ತ್ರೀಫೇಸ್ ಕರೆಂಟ್ ಬೇಕು. ಅದು ಪಾಳಿಯ ಮೇಲೆ ಬರುತ್ತದೆ. ಒಂದು ವಾರ ಹಗಲು, ಒಂದು ವಾರ ರಾತ್ರಿ. ರಾತ್ರಿ ಅಂದರೆ ಯಾವಾಗ? ಅದು ಅದರ ಮರ್ಜಿ. ಹನ್ನೊಂದಕ್ಕೆ ಅಂದದ್ದು ಒಂದಕ್ಕೂ ಬರಬಹುದು. ಹಿಂದೆಲ್ಲ ರೈತರು ಹೊಲದಲ್ಲೇ ಮಲಗಿ ಕಾಯುತ್ತಿದ್ದರು. ಈಗ ಮೊಬೈಲ್ ಸ್ಟಾರ್ಟರ್ ಎಂಬ ಪೆಟ್ಟಿಗೆ ಬಂದಿದೆ. ಅದರೊಳಗೊಂದು ಸಿಮ್. ಕರೆಂಟ್ ಬಂದ ಕೂಡಲೇ ಆ ಪೆಟ್ಟಿಗೆಯೇ ಮಾಲೀಕನಿಗೆ ಫೋನ್ ಮಾಡುತ್ತದೆ. ಎತ್ತಿದರೆ ಒಂದು ಹೆಣ್ಣಿನ ದನಿ: 'ತ್ರೀಫೇಸ್ ಬಂದಿದೆ. ಮೋಟಾರ್ ಚಾಲೂ ಮಾಡಲು ಒಂದು ಒತ್ತಿ.' ಒತ್ತಿದರೆ ಮುಗಿಯಿತು, ಮನೆಯಿಂದಲೇ ಮೋಟಾರ್ ಚಾಲೂ.

ಆದರೆ ನೀರಿಗೆ ಯಾವ ಸಾಲಿಗೆ ಹೋಗಬೇಕು ಎಂದು ಯಾರೂ ಫೋನ್ ಮಾಡಿ ಹೇಳುವುದಿಲ್ಲವಲ್ಲ? ಸಲಿಕೆ ಹಿಡಿದು ಒಬ್ಬರು ಹೋಗಲೇಬೇಕು. ಒಂದು ಸಾಲು ತುಂಬಿದ ಮೇಲೆ ಇನ್ನೊಂದಕ್ಕೆ ತಿರುವಬೇಕು. ಬೆಳಕು ಹರಿಯುವವರೆಗೂ.

ಇಪ್ಪತ್ತೆರಡು ವರ್ಷ ಆ ಕೆಲಸ ಮಾಡಿದ್ದು ಮಾಮಾ. ಪೆಟ್ಟಿಗೆಯಲ್ಲಿ ಇದ್ದದ್ದು ಅವರ ನಂಬರ್. ಅವರು ಹೋದ ಮೇಲೂ ಅದೇ ನಂಬರ್ ಉಳಿಯಿತು. ಫೋನನ್ನು ಅಕ್ಕ ಇಟ್ಟುಕೊಂಡಿದ್ದಳು. ದಿನಾ ಚಾರ್ಜ್ ಮಾಡುತ್ತಿದ್ದಳು, ತಪ್ಪದೆ ರೀಚಾರ್ಜ್ ಮಾಡಿಸುತ್ತಿದ್ದಳು. ಪಂಪ್ ಮಾಮಾನಿಗೆ ಫೋನ್ ಮಾಡುವುದು, ಅಕ್ಕ ಎತ್ತಿ ಒಂದು ಒತ್ತುವುದು, ಆಮೇಲೆ ಪಕ್ಕದ ಮನೆಯ ಮೈದುನ ಮಲ್ಲಪ್ಪನಿಗೆ ಫೋನ್ ಮಾಡಿ ಎಬ್ಬಿಸುವುದು. ಅವನು ಸಲಿಕೆ ಹಿಡಿದು ಹೊರಡುವುದು. ಹೀಗೇ ನಡೆದಿತ್ತು.

ಮಗಳ ಮನೆಗೆಂದು ಅಕ್ಕ ನಾಲ್ಕು ದಿನ ಹುಕ್ಕೇರಿಗೆ ಹೋದಾಗ ಫೋನೂ ಅವಳ ಸೆರಗಿನ ಜೊತೆ ಹೋಯಿತು. ಮೊಬೈಲ್‌ಗೆ ಮೂಡಲಗಿ ಯಾವುದು, ಹುಕ್ಕೇರಿ ಯಾವುದು?

ಅವತ್ತು ರಾತ್ರಿ ಬೀಗರೆಲ್ಲ ಗಾಬರಿಯಿಂದ ನೋಡುತ್ತಿರುವಾಗ ಅಕ್ಕ ಫೋನ್ ಎತ್ತಿ ಒಂದು ಒತ್ತಿದಳು. ಎದ್ದು ಹೋಗಿ ಬೀಗರ ಮನೆಯ ತಲಬಾಗಿಲ ಚಿಲಕ ತೆಗೆದಳು. ಒಂದು ಗಳಿಗೆ ನಿಂತಳು. ಮತ್ತೆ ಚಿಲಕ ಹಾಕಿ ಬಂದು ಮಲಗಿದಳು. ಬೀಗರ ಮುಖ ಹೇಗಾಗಿರಬೇಡ?

ಈ ಗದ್ದಲದಲ್ಲಿ ಮಲ್ಲಪ್ಪನಿಗೆ ಫೋನ್ ಮಾಡುವುದು ಮರೆತೇ ಹೋಯಿತು. ಅವನು ಗೊರಕೆ ಹೊಡೆದ. ಮೋಟಾರ್ ಬೆಳಗಿನವರೆಗೆ ಓಡಿತು. ನೀರು ಕಬ್ಬು ದಾಟಿ, ಬದು ಒಡೆದು, ಬಾಜೂದವರ ಹೊಲಕ್ಕೆ ನುಗ್ಗಿ, ಅವರು ಮುರಿದು ಒಟ್ಟಿದ್ದ ಗೋವಿನಜೋಳದ ರಾಶಿಯನ್ನು ತೋಯಿಸಿತು. ಬಾಜೂದವರು ಸುಮ್ಮನಿದ್ದಾರೆಯೇ? ಬದುವಿನ ಮೇಲೆ ನಿಂತು ಏನೇನು ಅಂದರೋ ಅದನ್ನೆಲ್ಲ ಪತ್ರಿಕೆಯಲ್ಲಿ ಬರೆಯಲು ಬರುವುದಿಲ್ಲ.

ಮರುದಿನ ಅಕ್ಕನ ಮಗಳು ಚಿಕ್ಕಮ್ಮನಾದ ನನಗೆ ಫೋನ್ ಮಾಡಿದಳು.

'ಚಿಗವ್ವಾ, ನೀನರೆ ಬಂದು ಅವ್ವಗ ಬುದ್ಧಿ ಹೇಳ. ಆ ಫೋನ್ ಬಿಡವಲ್ಲಳು. ರಾತ್ರಿ ಎಲ್ಲಾ ಎದ್ದ ಕುಂದರ್ತಾಳ. ಕಣ್ಣ ನೋಡಿದ್ರ ಹೆದರಿಕಿ ಬರ್ತೈತಿ. ನಮ್ಮತ್ತಿ ಏನೂ ಅನ್ನಲಿಲ್ಲ, ಆದ್ರ ನನಗ ಕಸಿವಿಸಿ ಆತು. ನಿನ್ನೊಬ್ಬಾಕಿ ಮಾತ ಕೇಳ್ತಾಳ.'

ಅಕ್ಕ ನನ್ನ ಮಾತು ಕೇಳುತ್ತಾಳೆ ಎಂಬುದು ನನಗೂ ಹೊಸ ಸುದ್ದಿ. ಆದರೆ ಹೊಗಳಿಕೆ ಯಾರಿಗೆ ಬೇಡ? ಬೇಸಿಗೆ ರಜೆ ಬೇರೆ. ಸಾಲಿ ಮಾಸ್ತರಿಣಿಗೆ ರಜೆಯಲ್ಲಿ ಬುದ್ಧಿ ಹೇಳಲು ಯಾರೂ ಸಿಗುವುದಿಲ್ಲ. ಅಕ್ಕ ಊರಿಗೆ ಮರಳಿದ ದಿನವೇ ಗೋಕಾಕದಿಂದ ಮೂಡಲಗಿ ಬಸ್ ಹತ್ತಿದೆ.

ನಿದ್ದೆಯ ವಿಷಯದಲ್ಲಿ ನಾನು ಬುದ್ಧಿ ಹೇಳಲು ಹೊರಟದ್ದು ನಗುವ ಮಾತೇ. ನನಗೇ ಮೂರು ವರ್ಷದಿಂದ ನಿದ್ದೆ ಇಲ್ಲ. ಎರಡು ಗಂಟೆಗೆ ಎಚ್ಚರವಾದರೆ ಮುಗಿಯಿತು. ಪಕ್ಕದಲ್ಲಿ ಯಜಮಾನರು ಸುಖವಾಗಿ ಮಲಗಿರುತ್ತಾರೆ. (ಆ ಹೊತ್ತಿನಲ್ಲಿ ಅವರ ಮೇಲೆ ಬರುವಷ್ಟು ಸಿಟ್ಟು ಹಗಲಿನಲ್ಲಿ ಬರುವುದಿಲ್ಲ.) ಇದನ್ನು ಒಮ್ಮೆ ಇದೇ ಅಂಕಣದಲ್ಲಿ ಬರೆದದ್ದೇ ತಪ್ಪಾಯಿತು. ಓದುಗರಿಂದ ಔಷಧಗಳ ಸುರಿಮಳೆ. ಹಾಲಿಗೆ ಜಾಯಿಕಾಯಿ ತೇಯ್ದು ಕುಡಿಯಿರಿ. ಗಸಗಸೆ ಪಾಯಸ ಉಣ್ಣಿರಿ. ಅಂಗಾಲಿಗೆ ಕೊಬ್ಬರಿ ಎಣ್ಣೆ ತಿಕ್ಕಿರಿ. ಅಂಕಲಗಿಯ ಒಬ್ಬರು ತಲೆದಿಂಬಿನ ಕೆಳಗೆ ಉಳ್ಳಾಗಡ್ಡಿ ಇಟ್ಟುಕೊಳ್ಳಲು ಹೇಳಿದರು. ಇಟ್ಟುಕೊಂಡೆ. ನಿದ್ದೆ ಬರಲಿಲ್ಲ, ಯಜಮಾನರು ಹಾಲ್‌ನಲ್ಲಿ ಹೋಗಿ ಮಲಗಿದರು. ಹುಕ್ಕೇರಿಯ ಒಬ್ಬ ನಿವೃತ್ತ ಮಾಸ್ತರರ ಸಲಹೆ ಎಲ್ಲಕ್ಕಿಂತ ಚೆಂದ: 'ನಿಮ್ಮ ಹಳೆಯ ಅಂಕಣಗಳನ್ನು ನೀವೇ ಒಮ್ಮೆ ಓದಿ ನೋಡಿ.'

ಎಚ್ಚರವಿರುವವರು ನಾನೊಬ್ಬಳೇ ಅಲ್ಲ ಎಂಬುದೇ ಒಂದು ಸಮಾಧಾನ. ಕಬ್ಬಿನ ಸೀಸನ್‌ನಲ್ಲಿ ಫ್ಯಾಕ್ಟರಿ ಮುಂದೆ ಟ್ರ್ಯಾಕ್ಟರ್ ಸಾಲು ಹಚ್ಚಿದ ಡ್ರೈವರ್‌ಗಳು ಟ್ರಾಲಿಯ ಪಕ್ಕ ಬೆಂಕಿ ಕಾಯಿಸುತ್ತ ಕೂತಿರುತ್ತಾರೆ. ಸಾಲು ಒಂದು ಗಾಡಿ ಮುಂದೆ ಸರಿದರೆ ಇವರೂ ಸರಿಯಬೇಕು, ಮಲಗಿದವರ ಪಾಳಿ ಹೋಯಿತು. ನಮ್ಮ ಓಣಿಯ ಬಾಡಿಗೆ ರೂಮಿನಲ್ಲಿ ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗಿಯರು ಬಕೆಟ್ ನೀರಿನಲ್ಲಿ ಕಾಲು ಇಟ್ಟುಕೊಂಡು ಓದುತ್ತಾರೆ. ಘಟಪ್ರಭಾ ಸ್ಟೇಷನ್ನಿನ ಚಹಾದವನಿಗೆ ಮಲಗುವುದು ಎಂದರೆ ಎರಡು ರೈಲುಗಳ ನಡುವಿನ ಹೊತ್ತು. ಇವರೆಲ್ಲ ನಿದ್ದೆ ಬಂದರೂ ಮಲಗದವರು. ನಾನು ಮಲಗಿದರೂ ನಿದ್ದೆ ಬರದವಳು. ಅಕ್ಕ ಯಾವ ಗುಂಪಿನವಳು? ನನ್ನ ಗುಂಪಿನವಳೇ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಅಕ್ಕನಿಗೆ ಈಗ ಐವತ್ತು. ಗಟ್ಟಿಗಿತ್ತಿ. ಎರಡು ಎಮ್ಮೆ ಸಾಕಿದ್ದಾಳೆ, ಮೇವು ತರುತ್ತಾಳೆ, ಮಹಿಳಾ ಸಂಘದ ಮೀಟಿಂಗ್ ನಡೆಸುತ್ತಾಳೆ. ಒಂಟಿ ಎಂದು ಮರುಕಪಟ್ಟರೆ ಉಗಿದು ಕಳಿಸುತ್ತಾಳೆ. ನಾನು ಹೋದಾಗಲೂ 'ಬುದ್ಧಿ ಹೇಳಾಕ ಬಂದೀಯೇನ? ಮೊದಲ ಉಣ್ಣ' ಎಂದಳು. ಬಿಸಿ ರೊಟ್ಟಿ, ಝುಣಕ, ಕೆಂಪು ಚಟ್ನಿ. ಹೊಟ್ಟೆ ತುಂಬಿದ ಮೇಲೆ ಬುದ್ಧಿ ಹೇಳುವುದು ಕಷ್ಟ.

ಅದು ಇನ್ನೂ ರಾತ್ರಿ ಪಾಳಿಯ ವಾರ. ಇಬ್ಬರೂ ಪಡಸಾಲೆಯಲ್ಲಿ ಮಲಗಿದೆವು. ವಿಭೂತಿ ಗಟ್ಟಿ ಇಡುವ ಗೋಡೆಯ ಮಾಡದಲ್ಲಿ ಮಾಮಾನ ಫೋನ್ ಇತ್ತು. ಮೂಲೆ ಒಡೆದ ಹಳೆಯ ಫೋನ್, ಮೇಲೆ ರಬ್ಬರ್ ಬ್ಯಾಂಡ್. ಲೈಟ್ ಆರಿಸಿದ ಮೇಲೆ ಅಕ್ಕ ಮಾತಾಡತೊಡಗಿದಳು. ಕತ್ತಲಲ್ಲಿ ಅಕ್ಕತಂಗಿಯರಿಗೆ ಮಾತು ಸಲೀಸು.

'ಆ ಪೆಟಿಗಿ ಹೊಸದಾಗಿ ಹಚ್ಚಿಸಿದಾಗ ನಾ ಎಷ್ಟ ಕಾಡ್ತಿದ್ನಿ ಗೊತ್ತೇನ ನಿಮ್ಮ ಮಾಮಾಗ? ಅದರಾಗ ಒಬ್ಬಾಕಿ ಮಾತಾಡ್ತಾಳಲ್ಲ. ನಟ್ಟ ನಡು ರಾತ್ರಿ ಕರೀತಿದ್ಲು. "ಆಕಿ ಕರದ್ಲ ನೋಡ್ರಿ, ಹೋಗ್ರಿ. ನಾ ಎಬ್ಬಿಸಿದ್ರ ಏಳೂದಿಲ್ಲ, ಆಕಿ ಕರದ್ರ ಜಿಗದ ಏಳ್ತೀರಿ" ಅಂತಿದ್ನಿ. ನಗತಿದ್ರು. ಕತ್ತಲದಾಗ ಚಪ್ಪಲ್ ಹುಡುಕತಿದ್ರು. ಒಂದ ದಿನಾನೂ ಒಂದ ಸಲಕ್ಕ ಸಿಕ್ಕಿದ್ದಿಲ್ಲ ಅವರಿಗೆ ಚಪ್ಪಲ್. ಹೊರಗ ಹೋಗಿ "ಬಾಗಲಾ ಹಾಕ್ಕೋ" ಅಂತಿದ್ರು. ನಾ ಹಾಕ್ಕೊಂತಿದ್ನಿ.'

'ಆಮ್ಯಾಲ?'

'ಆಮ್ಯಾಲೇನ? ಎಚ್ಚರ ಇರ್ತಿದ್ನಿ. ಹಾವು ಇರ್ತಾವು. ಹಸಿ ನೆಲದಾಗ ಕರೆಂಟ್ ಹೊಡೀತೈತಿ. ಬೆಳಗ ಐದಕ್ಕ ಬಾಗಲಾ ಬಡದ್ರ ಜೀವ ಬರ್ತಿತ್ತು.'

ಅಕ್ಕ ನನ್ನ ಕಡೆ ಹೊರಳಿದಳು.

'ಇಪ್ಪತ್ತೆರಡ ವರ್ಷ ರಾತ್ರಿ ಕಾದ್ನಿ ನೋಡ. ರಾತ್ರಿ ಒಂದ ದಿನ ಏನೂ ಆಗಲಿಲ್ಲ. ಅವರು ಹ್ವಾದದ್ದು ಹಗಲ ಹನ್ನೊಂದಕ್ಕ. ಎದಿ ನೋವಂದ್ರು. ಘಟಪ್ರಭಾ ದವಾಖಾನಿ ಮುಟ್ಟಲಿಲ್ಲ. ನಾ ಆಗ ರೊಟ್ಟಿ ಬಡ್ಯಾಕತ್ತಿದ್ನಿ. ಹಗಲಿ ಯಾರರೆ ಕಾಯ್ತಾರೇನ?'

ಕೈ ಚಾಚಿ ಅವಳ ಕೈ ಹಿಡಿದುಕೊಂಡೆ. ಅವಳ ಅಂಗೈ ಗಡುಸಾಗಿತ್ತು.

ಹನ್ನೆರಡೂ ಮುಕ್ಕಾಲಿಗೆ ಫೋನ್ ಬಂತು. ಅಕ್ಕ ಎದ್ದು ಕುಳಿತಳು, ಆದರೆ ಎತ್ತಲಿಲ್ಲ. ಅದು ಬಾರಿಸಿ ಬಾರಿಸಿ ನಿಂತಿತು. ಮತ್ತೆ ಬಂತು. ಮತ್ತೂ ಎತ್ತಲಿಲ್ಲ. ಕತ್ತಲಲ್ಲಿ ಫೋನಿನ ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು. ಅವಳು ಫೋನ್ ನೋಡುತ್ತಿರಲಿಲ್ಲ, ಮಾಮಾ ಮಲಗುತ್ತಿದ್ದ ಜಾಗ ನೋಡುತ್ತಿದ್ದಳು. ಮೂರನೆಯ ಸಲಕ್ಕೆ ಎತ್ತಿ ಒಂದು ಒತ್ತಿದಳು. ಮಲ್ಲಪ್ಪನನ್ನು ಎಬ್ಬಿಸಿದಳು. ಬಾಗಿಲು ತೆಗೆದು ಒಂದು ಗಳಿಗೆ ನಿಂತು, ಚಿಲಕ ಹಾಕಿ ಬಂದಳು. ಬೆಳಗಿನವರೆಗೂ ಅವಳಿಗೂ ನಿದ್ದೆ ಇಲ್ಲ, ನನಗೂ ಇಲ್ಲ.

ಇದನ್ನೆಲ್ಲ ಕಣ್ಣಾರೆ ಕಂಡ ಮೇಲೂ ನಾನು ಏನು ಮಾಡಿದೆ ಗೊತ್ತೇ?

ಬುದ್ಧಿವಂತಳಲ್ಲವೇ ನಾನು! ಬೆಳಗ್ಗೆ ಅಕ್ಕ ಮೇವಿಗೆ ಹೋದದ್ದೇ ತಡ, ಮಾಡದಲ್ಲಿದ್ದ ಫೋನ್ ತೆಗೆದು ಪರ್ಸಿಗೆ ಹಾಕಿಕೊಂಡೆ. ಮಲ್ಲಪ್ಪನನ್ನು ಹೊರಡಿಸಿ ಅವನ ಬೈಕ್ ಹತ್ತಿದೆ. ಫೋನ್ ಬಾರಿಸುವುದು ನಿಂತರೆ ಕಾಯುವುದು ನಿಲ್ಲುತ್ತದೆ, ಕಾಯುವುದು ನಿಂತರೆ ನಿದ್ದೆ ಬರುತ್ತದೆ. ಎಷ್ಟು ಸರಳ ಲೆಕ್ಕ! ಎಂಟನೆಯ ಇಯತ್ತೆ ಮಕ್ಕಳಿಗೆ ದಿನಾ ಇಂಥವನ್ನೇ ಬಿಡಿಸಲು ಕೊಡುವವಳು ನಾನು.

ಮೂಡಲಗಿಯಲ್ಲಿ ದಸ್ತಗೀರ್ ಸಾಹೇಬರ ಮೋಟಾರ್ ರಿಪೇರಿ ಅಂಗಡಿ. ಊರಿಗೆಲ್ಲ 'ಗೌಡ್ರು' ಆಗಿದ್ದ ಮಾಮಾನ ಪೆಟ್ಟಿಗೆ ಕೂಡಿಸಿದ್ದು ಇವರೇ. ಫೋನ್ ನೋಡಿದ ಕೂಡಲೇ ಗುರುತು ಹಿಡಿದರು. ರಬ್ಬರ್ ಬ್ಯಾಂಡ್ ಮೇಲೆ ಬೆರಳಾಡಿಸಿದರು.

'ಗೌಡ್ರ ನಂಬರ್ ತಗೀಲೇನ್ರಿ ಬಾಯಾರ?'

'ತಗೀರಿ. ಮಲ್ಲಪ್ಪಂದ ಹಾಕ್ರಿ.'

'ಎರಡ ನಂಬರ್ ಇಡಾಕ ಬರ್ತೈತ್ರಿ. ಮೊದಲನೇದು ಎತ್ತಲಿಲ್ಲಂದ್ರ ಎರಡನೇದಕ್ಕ ಹೋಗತೈತಿ.'

'ಬ್ಯಾಡ್ರಿ. ಅದು ಬಾರಿಸ್ತಿದ್ರ ನಮ್ಮಕ್ಕ ಮಲಗೂದ ಇಲ್ಲ.'

ಸಾಹೇಬರು ಮಲ್ಲಪ್ಪನ ಮುಖ ನೋಡಿದರು. ಮಲ್ಲಪ್ಪ ರಸ್ತೆಯ ಕಡೆ ನೋಡುತ್ತ ನಿಂತ. ಇಬ್ಬರಿಗೂ ಏನೋ ಹೇಳುವುದಿತ್ತು. ಆದರೆ ಸಾಲಿ ಮಾಸ್ತರಿಣಿಯ ಮುಂದೆ ಯಾರು ಮಾತಾಡುತ್ತಾರೆ? ಮಾಮಾನ ಫೋನಿನಿಂದಲೇ ಹೊಲದ ಪೆಟ್ಟಿಗೆಗೆ ಒಂದು ಮೆಸೇಜ್ ಕಳಿಸಿದರು. ಎರಡು ನಿಮಿಷದ ಕೆಲಸ. ಅಕ್ಕ ಮೇವಿನ ಹೊರೆ ಹೊತ್ತು ಬರುವುದರೊಳಗೆ ಫೋನ್ ಮಾಡದಲ್ಲಿ ವಾಪಸ್ ಇತ್ತು.

ಅಂದು ರಾತ್ರಿ ನಾನು ಅಕ್ಕನ ಅಂಗಾಲಿಗೆ ಎಣ್ಣೆ ತಿಕ್ಕಿದೆ. ಜಾಯಿಕಾಯಿ ಹಾಲು ಕೊಟ್ಟೆ. ಓದುಗರು ಹೇಳಿದ ಎಲ್ಲ ಉಪಚಾರವನ್ನೂ ಮಾಡಿದೆ, ಉಳ್ಳಾಗಡ್ಡಿ ಒಂದು ಬಿಟ್ಟು. ಅಕ್ಕ ನಕ್ಕಳು. 'ಇಷ್ಟ ಸೇವಾ ಬಾಣಂತನದಾಗೂ ಯಾರೂ ಮಾಡಿದ್ದಿಲ್ಲ' ಎಂದಳು.

ಒಂದು ಗಂಟೆಯಾಯಿತು. ಫೋನ್ ಬರಲಿಲ್ಲ.

ಒಂದೂ ಇಪ್ಪತ್ತಕ್ಕೆ ಪಕ್ಕದ ಮನೆಯ ಬಾಗಿಲು ತೆರೆದ ಸಪ್ಪಳ. ಮಲ್ಲಪ್ಪ ಮೆಲ್ಲಗೆ ಹೆಜ್ಜೆ ಇಟ್ಟು ಹೋದ. ಪಾಪ, ಟಾರ್ಚ್ ಕೂಡ ಹಾಕಿರಲಿಲ್ಲ. ಆದರೆ ಸಲಿಕೆ ಗೋಡೆಗೆ ತಾಗಿ ಸದ್ದಾಯಿತು.

ಅಕ್ಕ ಎದ್ದು ಕುಳಿತಳು.

'ಮಲ್ಲಪ್ಪ ಹೊಂಟಾನ. ಅಂದ್ರ ಕರೆಂಟ್ ಬಂದೈತಿ. ಫೋನ್ ಯಾಕ ಬರಲಿಲ್ಲ?'

ಮೂರು ವರ್ಷದಿಂದ ನಿದ್ದೆ ಮಾಡದವಳು ನಿದ್ದೆ ಬಂದವಳ ಹಾಗೆ ನಟಿಸಿದೆ. ಸಣ್ಣಗೆ ಗೊರಕೆಯನ್ನೂ ಹೊಡೆದೆ. ಜೀವನದಲ್ಲಿ ನಾನು ಮಾಡಿದ ಹೊಲಸು ಕೆಲಸಗಳಲ್ಲಿ ಅದೂ ಒಂದು.

ಅಕ್ಕ ಫೋನ್ ತೆಗೆದುಕೊಂಡಳು. ಬಂದ್ ಮಾಡಿ ಚಾಲೂ ಮಾಡಿದಳು. ಸಿಗ್ನಲ್ ಸಿಗಲಿ ಎಂದು ಕಿಟಕಿಯ ಹೊರಗೆ ಕೈ ಚಾಚಿ ಹಿಡಿದಳು. ತನ್ನ ಫೋನಿನಿಂದ ಅದಕ್ಕೆ ಮಿಸ್ಡ್ ಕಾಲ್ ಕೊಟ್ಟು ನೋಡಿದಳು. ಬಾರಿಸಿತು. ಕೆಟ್ಟಿಲ್ಲ ಎಂದು ಗೊತ್ತಾದ ಮೇಲೆ ಅದನ್ನು ಎದೆಯ ಹತ್ತಿರ ಇಟ್ಟುಕೊಂಡು ಗೋಡೆಗೆ ಒರಗಿ ಕುಳಿತಳು. ಹೊರಳಿ ನೋಡುವ ಧೈರ್ಯ ನನಗಿರಲಿಲ್ಲ. ಕೂತೇ ಇದ್ದಳು. ಕೋಳಿ ಕೂಗಿದವು, ಹಾಲಿನ ಗಾಡಿ ಬಂತು, ಆಗಲೂ ಕೂತೇ ಇದ್ದಳು.

ಬೆಳಗ್ಗೆ ಜಳಕ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಿರುವಾಗಲೇ ನನ್ನ ಮುಂದೆ ಬಂದಳು.

'ಪೆಟಿಗಿ ಏನೋ ಕೆಟ್ಟೈತಿ. ನೀ ಹೆಂಗೂ ಮೂಡಲಗಿ ಮ್ಯಾಲೆ ಹೋಗ್ತಿ. ದಸ್ತಗೀರ್ ಸಾಹೇಬ್ರಿಗೆ ಬಂದ ಹೋಗ್ರಿ ಅಂತ ಹೇಳ.'

ಹೇಳಿಬಿಟ್ಟೆ. ಎಲ್ಲವನ್ನೂ. ಪರ್ಸು, ಬೈಕು, ಮೆಸೇಜು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

'ನನಗ ನಿದ್ದಿ ಬರೂದಿಲ್ಲ ಅಂತ ನಾ ನಿನ್ನ ಮುಂದ ಯಾವಾಗರೆ ಅಳಕೊಂಡ ಬಂದಿದ್ನೇನ?'

'ಇಲ್ಲಕ್ಕಾ.'

'ಮತ್ತ? ಆತ ಇಲ್ಲಂತ ನನಗ ಗೊತ್ತೈತವಾ. ನಾ ಹುಚ್ಚಿ ಅಲ್ಲ. ಆತನ ಮಣ್ಣಿಗೆ ನಾನೂ ಹೋಗಿದ್ನಿ. ಆದ್ರ ಆ ಫೋನ್ ಬಾರಿಸಿತಂದ್ರ, ಅದು ನಿಲ್ಲೂ ತನಕ ಆತ ಇನ್ನ ಮಲಗ್ಯಾನ. ಇನ್ನ ಏಳಬೇಕು. ಚಪ್ಪಲ್ ಹುಡುಕಬೇಕು. ಅಷ್ಟ ನೋಡ. ಅರ್ಧಾ ನಿಮಿಷ. ಅದನ್ನ ತಗದ ನಿನಗೇನ ಸಿಕ್ತು?'

ಅಲ್ಲಿಯವರೆಗೆ ಅವಳು ಮಾಮಾನನ್ನು 'ಅವರು' ಎಂದೇ ಅನ್ನುತ್ತಿದ್ದಳು. 'ಆತ' ಎಂದದ್ದು ನಾನು ಕೇಳಿದ್ದು ಅದೇ ಮೊದಲು. ಗಂಡಹೆಂಡಿರು ಇಬ್ಬರೇ ಇದ್ದಾಗಿನ ಮಾತದು. ನನಗೆ ಅಳು ಬಂತು. ಅಕ್ಕ ಅಳಲಿಲ್ಲ. ಎಮ್ಮೆಗೆ ನೀರು ಕುಡಿಸಲು ಹೋದಳು.

ಎಂಟು ತಿಂಗಳಿಂದ ಅವಳು ಕಣ್ಣು ಬಿಟ್ಟುಕೊಂಡು ಕೂತದ್ದನ್ನು ನಾವು ಬೇನೆ ಎಂದುಕೊಂಡಿದ್ದೆವು. ಮಗಳಿಗೆ ಚಿಂತೆ, ನನಗೆ ಚಿಂತೆ. ಎಲ್ಲರ ಕೈಯಲ್ಲೂ ಒಂದೊಂದು ಔಷಧ. ಆದರೆ ದಿನದ ಇಪ್ಪತ್ನಾಲ್ಕು ಗಂಟೆಯಲ್ಲಿ ಅವಳು ಆಸೆಯಿಂದ ಎದುರು ನೋಡುತ್ತಿದ್ದದ್ದು ಅದೊಂದನ್ನೇ. ಉಳಿದ ಹೊತ್ತೆಲ್ಲ ಎಮ್ಮೆ, ಮೇವು, ಸಂಘದ ಮೀಟಿಂಗ್. ಯಾರಿಗಾಗಿಯೋ ಕಾಯುವವರಿಗೆ ನಿದ್ದೆ ಬೇಕಾಗಿರುತ್ತದೆ ಎಂದು ನಾನು ಹೇಗೆ ಅಂದುಕೊಂಡೆ?

ನೀರು ತಿರುವಿ ಬಂದ ಮಲ್ಲಪ್ಪ ಕಟ್ಟೆಯ ಮೇಲೆ ಕೂತಿದ್ದ. ಅವನ ಕಣ್ಣುಗಳೂ ಕೆಂಪಗಿದ್ದವು.

'ಅಕ್ಕಾರ, ಒಂದ ಮಾತ ಹೇಳ್ಲೇನ್ರಿ? ನಿನ್ನಿ ರಾತ್ರಿ ಆ ಫೋನ್ ನನಗ ಬಂತ್ರಿ. ಎತ್ತಾಕ ಕೈ ಬರವಲ್ದು. ನಮ್ಮಣ್ಣನ ಪಾಳಿ ನಾ ಕಸಗೊಂಡಂಗ ಅನಿಸ್ತು. ವೈನಿ ಎಬ್ಬಿಸಿದ್ರ ಅದರ ಸುದ್ದೀನ ಬ್ಯಾರೆರಿ. ಅಣ್ಣ ಹೇಳಿ ಕಳಿಸಿದಂಗ ಇರ್ತಿತ್ತು.'

'ನಿನ್ನೆ ಅಂಗಡ್ಯಾಗ ಯಾಕ ಸುಮ್ನಿದ್ದಿ ಮತ್ತ?'

'ನೀವು ಕಲತವ್ರು. ನಿಮಗ ಗೊತ್ತಿರ್ತೈತಿ ಅನ್ಕೊಂಡ್ನಿರಿ.'

ಕಲಿತವರ ಬಗ್ಗೆ ಜನರಿಗೆ ಎಷ್ಟು ನಂಬಿಕೆ ನೋಡಿ.

ಮತ್ತೆ ಮೂಡಲಗಿ. ಮತ್ತೆ ದಸ್ತಗೀರ್ ಸಾಹೇಬರು. ಈ ಸಲ ಅವರು ಏನೂ ಕೇಳಲಿಲ್ಲ. 'ಎರಡೂ ನಂಬರ್ ಇಡ್ತೇನ್ರಿ. ಮೊದಲನೇದು ಗೌಡ್ರದು' ಎಂದರು. ಪಂಪ್ ಮೊದಲು ಮಾಮಾನಿಗೆ ಫೋನ್ ಮಾಡುತ್ತದೆ. ಯಾರೂ ಎತ್ತದಿದ್ದರೆ ತಾನೇ ಮಲ್ಲಪ್ಪನಿಗೆ ಮಾಡುತ್ತದೆ. ಅಕ್ಕ ಎತ್ತುವುದೇ ಬೇಡ, ಒತ್ತುವುದೂ ಬೇಡ. ಅದು ನಿಲ್ಲುವವರೆಗೆ ಕೇಳಿಸಿಕೊಂಡರೆ ಆಯಿತು. ಮಲ್ಲಪ್ಪ ಹೋಗುವಾಗ ಒಮ್ಮೆ ಬಾಗಿಲ ಹತ್ತಿರ ನಿಂತು 'ಹೊಂಟೇನ್ರಿ ವೈನಿ' ಎಂದು ಹೇಳಿ ಹೋಗುವುದು ಎಂದೂ ಮಾತಾಯಿತು. ಅದು ಅವನೇ ಹೇಳಿದ್ದು, ನಾನಲ್ಲ. ನನ್ನ ಬುದ್ಧಿ ಅಷ್ಟು ಓಡುವುದಿಲ್ಲ.

ಬಾಜೂದವರ ಗೋವಿನಜೋಳವನ್ನು ಮಲ್ಲಪ್ಪ ಎರಡು ದಿನ ತಾನೇ ಹರವಿ ಒಣಗಿಸಿ ಕೊಟ್ಟ. ಜಗಳ ಮುಗಿಯಿತು. ಹುಕ್ಕೇರಿಯ ಮಗಳಿಗೆ ಫೋನ್ ಮಾಡಿ ಹೇಳಿದೆ: 'ನಿಮ್ಮವ್ವಗ ಏನೂ ಆಗಿಲ್ಲವಾ. ರಾತ್ರಿ ಪಾಳಿ ಇಲ್ಲದ ವಾರ ನೋಡಿ ಕರಕೊಂಡ ಹೋಗ, ಬೀಗ್ರೂ ಮಲಗ್ಯಾರು.' ಅವಳು ಸಣ್ಣ ದನಿಯಲ್ಲಿ ಕೇಳಿದಳು: 'ಚಿಗವ್ವಾ, ಅಪ್ಪನ ಫೋನಿನ ಆ ರಿಂಗ್‌ಟೋನ್ ನನಗೂ ಕಳಸ್ತೀಯೇನ?'

ನಾನು ಗೋಕಾಕಕ್ಕೆ ಬಂದೆ. ಎರಡು ಗಂಟೆಗೆ ಎಚ್ಚರವಾಗುವುದು ನಿಂತಿಲ್ಲ. ಆದರೆ ಈಗ ಸಿಟ್ಟು ಬರುವುದಿಲ್ಲ. ಪಕ್ಕದಲ್ಲಿ ಯಜಮಾನರ ಉಸಿರಾಟ ಕೇಳಿಸುತ್ತದೆ. ಕೇಳಿಸಿಕೊಳ್ಳುತ್ತ ಮಲಗಿರುತ್ತೇನೆ. ಬೆಳಗ್ಗೆ ಅವರಿಗೆ ಇದನ್ನೆಲ್ಲ ಹೇಳುವುದಿಲ್ಲ. (ಹೇಳಿದರೆ ಕೊಬ್ಬು ಏರುತ್ತದೆ.)

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಕಳೆದ ವಾರ ಮಲ್ಲಪ್ಪನ ಫೋನ್ ಬಂತು. ಹಿಂದೆ ಹತ್ತು ಜನರ ಗದ್ದಲ.

'ಅಕ್ಕಾರ, ಪೇಡೆ ತಿನ್ರಿ! ನಮ್ಮ ಲೈನಿಗೆ ಇನ್ನ ರಾತ್ರಿ ಪಾಳಿ ಇಲ್ರಿ! ಹಗಲಿಗೇ ತ್ರೀಫೇಸ್ ಕೊಡ್ತಾರಂತ, ಕಾಯಂ. ಬರೂ ತಿಂಗಳಿಂದ. ಊರ ಮಂದಿ ಎಲ್ಲಾ ಕಟ್ಟಿ ಮ್ಯಾಲ ಕುಂತೇವ್ರಿ. ನೀವೂ ಬರೆದಿದ್ರಲ್ಲ ಪೇಪರದಾಗ, ನಿಮ್ಮ ಹೆಸರ ಹೇಳಾಕತ್ತಾರ!'

ಹೌದು, ಬರೆದಿದ್ದೆ. ಇದೇ ಜಾಗದಲ್ಲಿ, ನಾಲ್ಕು ಸಲ. ರೈತರೇನು ಗೂಗೆಗಳೇ, ಅವರಿಗೆ ರಾತ್ರಿ ನಿದ್ದೆ ಬೇಡವೇ, ಹಗಲು ಕರೆಂಟ್ ಕೊಡಿ ಎಂದು. ಕತ್ತಲಲ್ಲಿ ಹಾವು ತುಳಿಯುವವರ ಬಗ್ಗೆ ಬರೆದದ್ದು ಒಂದಕ್ಷರವೂ ಸುಳ್ಳಲ್ಲ. ಇನ್ನು ಆ ಊರಿನಲ್ಲಿ ಯಾವ ಹೆಂಗಸೂ ಬೆಳಗಿನ ಐದರವರೆಗೆ ಕಿವಿ ನೆಟ್ಟು ಮಲಗಬೇಕಿಲ್ಲ. ಅದಕ್ಕಿಂತ ಒಳ್ಳೆಯದು ಏನಿದೆ? ಈಗಲೂ ಕೇಳಿದರೆ ಅದನ್ನೇ ಬರೆಯುತ್ತೇನೆ.

ಅಕ್ಕನಿಗೆ ಫೋನ್ ಮಾಡಿದೆ. ಪೇಡೆ ಅವಳ ಮನೆಗೂ ಬಂದಿತ್ತು.

'ಚಲೋ ಆತ ನೋಡ,' ಎಂದಳು. 'ಮಲ್ಲಪ್ಪನ ಹೇಂತಿ ಭಾಳ ಖುಷಿ ಆಗ್ಯಾಳ. ಇನ್ನ ಆಕಿ ರಾತ್ರಿ ಚಲೋ ಮಲಗ್ತಾಳ.'

'ನೀನಕ್ಕಾ?'

'ನಾನೂ ಮಲಗ್ತೀನಿ. ಹಗಲಿ ಫೋನ್ ಬಂದ್ರ ನಾ ಎಲ್ಲಿ ಮನ್ಯಾಗಿರ್ತೀನಿ? ಮೇವಿಗೆ ಹೋಗಿರ್ತೀನಿ. ಬಾರಿಸಿ ನಿಲ್ತೈತಿ ಅದರಷ್ಟಕ್ಕ.' ಆಮೇಲೆ ಕೇಳಿದಳು: 'ಬರೂ ತಿಂಗಳಿಂದನ ಅಂತೇನ? ಈ ತಿಂಗಳ ಇನ್ನ ಒಂದ ವಾರ ರಾತ್ರಿ ಪಾಳಿ ಬರ್ತೈತಿ, ಹೌದಿಲ್ಲ?'

ಹೌದಕ್ಕಾ, ಬರುತ್ತದೆ ಎಂದೆ. ಇನ್ನೂ ಒಂದು ವಾರ ಇದೆ ಎಂದೆ.

ನಾಲ್ಕು ಸಲ ಬರೆದು ಕೇಳಿದ್ದು ಕೊನೆಗೂ ಸಿಕ್ಕಿದೆ. ನನಗೆ ಖುಷಿಯಾಗಬೇಕು, ಅಲ್ಲವೇ?